ಈ ಹಾಡು ಯಾರದು ಎಂದು ಕೇಳುವ ಕೆಲಸ

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಕೆಲವರು ನನ್ನನ್ನು ‘ಹಕ್ಕಿನ ಮೇಡಂ’ ಎಂದೇ ಮಾತನಾಡಿಸುತ್ತಾರೆ. ಗುರುತಿಲ್ಲದವರು ಪಕ್ಕದಲ್ಲಿದ್ದರೆ ನಾನು ಯಾವುದೋ ಮಹಿಳಾ ಸಂಘದವಳೋ, ಜಮೀನಿನ ವ್ಯಾಜ್ಯ ಬಿಡಿಸುವವಳೋ ಎಂದುಕೊಂಡು ಸ್ವಲ್ಪ ದೂರ ಸರಿದು ನಿಲ್ಲುತ್ತಾರೆ. ಎರಡೂ ಅಲ್ಲ. ನಾನು ಊರಿನ ಒಂದು ಸಣ್ಣ ಪ್ರಕಾಶನದಲ್ಲಿ ಕೆಲಸಕ್ಕಿದ್ದೆ. ನಾವು ಅಚ್ಚು ಹಾಕುವ ಪುಸ್ತಕಕ್ಕೆ ಒಂದು ಹಾಡೋ ನಾಟಕವೋ ಚಿತ್ರವೋ ಬೇಕಾದರೆ, ಅದು ಯಾರದು, ಅದರ ಮೇಲೆ ಹಕ್ಕುಸ್ವಾಮ್ಯ ಇನ್ನೂ ಇದೆಯೇ ಮುಗಿದಿದೆಯೇ, ಇದ್ದರೆ ಯಾರನ್ನು ಕೇಳಬೇಕು ಎಂದು ಪತ್ತೆ ಮಾಡುವುದು ನನ್ನ ಪಾಲಿನ ಕೆಲಸ. ನಿವೃತ್ತಿಯಾದ ಮೇಲೆ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ ಅದು ಇದು ಕೇಳುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. “ನೆಟ್‌ನಲ್ಲಿ ಸಿಕ್ತು ಮೇಡಂ, ಫ್ರೀ” ಎನ್ನುವವರನ್ನು ಕಂಡರೆ ನನಗೆ ಇಂದಿಗೂ ರೇಗುತ್ತದೆ. ಬಾವಿಕಟ್ಟೆಯ ಮೇಲೆ ಬಿಂದಿಗೆ ಕಂಡಿತು ಎಂದ ಮಾತ್ರಕ್ಕೆ ಅದು ಎತ್ತಿಕೊಂಡವರದಾಗುತ್ತದೆಯೇ? ಪುಸ್ತಕದ ಮೇಲೆ ಹಕ್ಕಿನ ಗುರುತು ಇಲ್ಲದಿದ್ದರೂ, ಎಲ್ಲೂ ನೋಂದಣಿ ಮಾಡಿಸದಿದ್ದರೂ, ಬರೆದ ಗಳಿಗೆಯಿಂದಲೇ ಹಕ್ಕು ಬರೆದವರದು. ಬರೆದವರು ಸತ್ತ ಮೇಲೂ, ಮುಂದಿನ ವರ್ಷದ ಮೊದಲಿಂದ ಲೆಕ್ಕ ಹಿಡಿದು ಅರವತ್ತು ವರ್ಷ ಅದು ವಾರಸುದಾರರಲ್ಲಿ ಇರುತ್ತದೆ. ಆಮೇಲೆ ಅದು ಎಲ್ಲರದು. ಕಾನೂನು ಇಷ್ಟೇ, ಒಂದು ಬೆಳಿಗ್ಗೆ ಓದಿ ಮುಗಿಸಬಹುದು. ಆದರೆ ಬರೆದವರು ಯಾರು, ಅವರು ಯಾವಾಗ ಸತ್ತರು ಎನ್ನುವ ಎರಡು ಪ್ರಶ್ನೆಗಳನ್ನು ಹಿಡಿದು ನಾನು ನಾಲ್ಕು ತಾಲ್ಲೂಕು ಅಲೆದಿದ್ದೇನೆ.

ನಮ್ಮ ಯಜಮಾನರು ನಂಜುಂಡಯ್ಯನವರು. ಎಲೆ ಅಡಿಕೆ ಹಾಕಿಕೊಂಡು, ಬೆಟ್ಟ ಕಾಣುವ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಬೆಟ್ಟ ನೋಡುತ್ತಾ ಕೂತರೆ ಕೆಲಸ ಆಗುವುದಿಲ್ಲ ಎನ್ನುವುದು ಅವರ ವಾದ. ಒಳ್ಳೆಯ ಮನುಷ್ಯ, ಆದರೆ ಹೆಸರಿಲ್ಲದ್ದೆಲ್ಲ ಹಳೆಯದು, ಹಳೆಯದೆಲ್ಲ ಎಲ್ಲರದು ಎಂದು ನಂಬಿದ್ದವರು. ಒಂದು ವರ್ಷ ಎಲ್ಲೋ ಸಿಕ್ಕಿದ ಬೆಟ್ಟದ ಚಿತ್ರವೊಂದನ್ನು ‘ಹಳೇದು’ ಎಂದು ಗೋಡೆ ಕ್ಯಾಲೆಂಡರಿಗೆ ಹಾಕಿಬಿಟ್ಟರು. ಸಂಕ್ರಾಂತಿ ಹೊತ್ತಿಗೆ ಊರಿನ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನಮ್ಮಲ್ಲಿಗೆ ಬಂದು, “ನನ್ನ ಚಿತ್ರ ಆರಿಸಿಕೊಂಡಿದೀರಿ, ದೊಡ್ಡ ಉಪಕಾರ ಆಯ್ತು” ಎಂದು ಕೈ ಮುಗಿದರು. ಕದ್ದದ್ದನ್ನು ಸನ್ಮಾನವೆಂದು ತಿಳಿದು ಆ ಮನುಷ್ಯ ಕಣ್ಣು ತುಂಬಿಕೊಂಡು ನಿಂತಿದ್ದರು. ಜಗಳವಾಡಿದ್ದರೆ ಯಜಮಾನರು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು, ಆ ಕೈ ಮುಗಿದದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಅವತ್ತೇ ಕರಡು ತಿದ್ದುತ್ತಿದ್ದ ನನ್ನನ್ನು ಕರೆದು, “ವಿಜಯಮ್ಮ, ಇನ್ಮುಂದೆ ಯಾವುದೇ ಬರಲಿ, ಯಾರದು ಅಂತ ನೀನು ನೋಡಿ ಹೇಳೋವರೆಗೂ ಮಿಷನ್ ಓಡಲ್ಲ” ಎಂದರು. ನನ್ನ ಹುದ್ದೆ ಹುಟ್ಟಿದ್ದು ಹೀಗೆ.

ಕೊರಟಗೆರೆ ಕಡೆಯ ಒಂದು ಪೌರಾಣಿಕ ನಾಟಕದಿಂದ ನಾನು ಕಲಿತದ್ದು ಹೆಚ್ಚು. ಹಳ್ಳಿಹಳ್ಳಿಗಳಲ್ಲಿ ಆಡುವ ನಾಟಕ ಅದು, ಮೂರು ಕಡೆ ಅಚ್ಚಾಗಿತ್ತು, ಮೂರರಲ್ಲೂ ಬರೆದವರ ಹೆಸರು ಬೇರೆ ಬೇರೆ. ಹೊಸದಾಗಿ ನಾಟಕ ಕಲಿಸಲು ಬಂದ ಹಾರ್ಮೋನಿಯಂ ಮೇಷ್ಟ್ರು ಹಿಂದಿನವರ ಹೆಸರು ತೆಗೆದು ತಮ್ಮದನ್ನು ಹಾಕಿಸಿಕೊಳ್ಳುವುದು ನಮ್ಮ ಕಡೆ ರೂಢಿಯಂತೆಯೇ ಇತ್ತು. ಹೀಗಿದ್ದಾಗ ಪುಸ್ತಕ ಬಿಟ್ಟು ಪಾತ್ರಧಾರಿಗಳನ್ನು ಹುಡುಕಬೇಕು. ನಿಮಗೆ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಹಿಂದಕ್ಕೆ ಹಿಂದಕ್ಕೆ ಹೋದರೆ ಒಂದು ಮನೆಯ ಬಾಗಿಲಿಗೆ ತಲುಪುತ್ತೀರಿ. ಹಾಗೆ ತಲುಪಿದ ಮನೆಯಲ್ಲಿ ನಿಜವಾಗಿ ಬರೆದವರ ಮಗ ಸಿದ್ದಲಿಂಗಪ್ಪ ಇದ್ದರು. ಅಪ್ಪ ಯಾವ ವರ್ಷ ತೀರಿಕೊಂಡರು ಎಂದು ಕೇಳಿದರೆ, “ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಷ ಕಣಮ್ಮ” ಎಂದರು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದಲೇ, “ಆ ಕೋಡಿ ಅಲ್ಲ ಕಣ್ಲಾ, ಅದರ ಹಿಂದಿನ್ದು” ಎಂದಳು. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು. ಯಾವ ಕೋಡಿಯ ಲೆಕ್ಕ ಹಿಡಿದರೂ ಅರವತ್ತು ವರ್ಷ ತುಂಬಿರಲಿಲ್ಲ, ಹಾಗಾಗಿ ನಾನು ಬಚಾವಾದೆ. ಹಳ್ಳಿಯಲ್ಲಿ ಸತ್ತ ವರ್ಷ ಕೇಳಬೇಡಿ, ಆಗ ಊರಿನಲ್ಲಿ ಏನಾಗಿತ್ತು ಎಂದು ಕೇಳಿ. ಕೇಳುವ ಮೊದಲು ಕೊಟ್ಟ ಕಾಫಿಯನ್ನು ಕುಡಿದು ಮುಗಿಸಿ, ಸತ್ತವರ ಮಾತು ತೆಗೆದ ಮೇಲೆ ಲೋಟ ಎತ್ತುವುದಕ್ಕೆ ಆಗುವುದಿಲ್ಲ.

ಸಿದ್ದಲಿಂಗಪ್ಪ ಅಚ್ಚು ಹಾಕಲು ತಕ್ಷಣ ಒಪ್ಪಿದರು. ಸಿಟ್ಟಿದ್ದದ್ದು ಬೇರೆಯದಕ್ಕೆ. “ಹೆಸರು ಯಾರ್ದಾನ ಹಾಕ್ಕಳಿ. ನಮ್ಮಪ್ಪನ ಕಂದಪದ್ಯ ಅರ್ಧಕ್ಕೆ ಕುಯ್ದ್ಬುಟ್ಟವ್ರಲ್ಲ, ಅದ್ಯಾಕೆ?” ಎಂದು ಹಳೆಯ ಪ್ರತಿಯನ್ನು ನನ್ನ ಮುಂದೆ ಎಸೆದರು. ಕಾನೂನು ಓದಿದಾಗ ನನ್ನ ಕಣ್ಣಿಗೆ ಬಿದ್ದಿದ್ದರೂ ಮನಸ್ಸಿಗೆ ಇಳಿಯದ ಒಂದು ವಿಷಯ ಅವತ್ತು ಇಳಿಯಿತು. ಬರೆದವರು ತಮ್ಮ ಹಕ್ಕನ್ನು ಮಾರಬಹುದು, ದಾನ ಮಾಡಬಹುದು, ಪೂರ್ತಿ ಬಿಟ್ಟೇ ಬಿಡಬಹುದು. ಆದರೂ ‘ನಾನು ಬರೆದದ್ದನ್ನು ಕೆಡಿಸಬೇಡಿ’ ಎಂದು ಹೇಳುವ ಹಕ್ಕು ಅವರ ಹತ್ತಿರವೇ, ಅವರ ನಂತರ ವಾರಸುದಾರರ ಹತ್ತಿರ, ಉಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಿರಾದ ಬಾಷಾ ಸಾಹೇಬರ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನೆನೆದರೆ ನಗು ಬರುತ್ತದೆ. ಅವರದು ಫೋಟೊ ಸ್ಟುಡಿಯೊ. ಕಂಬಳಿ ಹೊದ್ದು ಕುರಿಯ ಜೊತೆ ಕೂತ ಮುದುಕರೊಬ್ಬರ ಫೋಟೊ ನಮ್ಮ ಪುಸ್ತಕದ ಮುಖಪುಟಕ್ಕೆ ಬೇಕಾಗಿತ್ತು. ಕೇಳಿದ ಕೂಡಲೇ ಅವರು, “ಅರೆ ಮೇಡಂ, ನೆಗೆಟಿವ್ ನಮ್ ಹತ್ರ ಐತೆ, ಪೂರಾ ಹಕ್ ನಮ್ದೇ. ಧಾರಾಳ ಹಾಕ್ಕೊಳಿ” ಎಂದರು. ಫೋಟೊ ತೆಗೆಸಿದ್ದು ಯಾರು ಎಂದು ಕೇಳಿದೆ. ಮುದುಕರ ಮಗಳೇ ಕರೆಸಿ ಕೂಲಿ ಕೊಟ್ಟು ತೆಗೆಸಿದ್ದಂತೆ. ಹಾಗಾದರೆ ಬೇರೆ ಕರಾರು ಇಲ್ಲದಿದ್ದರೆ ಹಕ್ಕು ತೆಗೆಸಿದವರದು ಎಂದೆ. ಬಾಷಾ ಸಾಹೇಬರು ಗೋಡೆ ತುಂಬಾ ನೇತುಹಾಕಿದ್ದ ಮದುವೆ ಫೋಟೊಗಳನ್ನೆಲ್ಲ ಒಮ್ಮೆ ನೋಡಿ, “ಮೇಡಂ, ಇಷ್ಟು ಜನಾನೂ ನನ್ನ ಮೇಲೆ ಕೇಸ್ ಹಾಕ್ಬೌದಾ?” ಎಂದರು. ಕೊನೆಗೆ ತಮ್ಮ ಮೊಪೆಡ್ಡಿನಲ್ಲಿ ಆ ಮಗಳ ಊರಿಗೆ ಹೋಗಿ ಅವರೇ ಒಪ್ಪಿಗೆ ತಂದರು, ಬರುವಾಗ ಒಂದು ಚೀಲ ಹಸಿ ಕಡಲೆಕಾಯಿಯನ್ನೂ ತಂದು ನಮಗೂ ಕೊಟ್ಟರು.

ಇವೆಲ್ಲ ಕಾಗದ ಬರೆದು, ಬಸ್ಸು ಹತ್ತಿ ಮಾಡಿದ ಕೆಲಸಗಳು. ಆಮೇಲೆ ಮೊಬೈಲು ಬಂತು, ವಾಟ್ಸಾಪ್ ಬಂತು. ಹುಡುಕುವುದು ಸುಲಭವಾಯಿತು, ನಂಬುವುದು ಕಷ್ಟವಾಯಿತು. ಒಂದು ತಪ್ಪು ಹೆಸರು ಒಂದು ಕಡೆ ಬಿತ್ತೆಂದರೆ ಸಂಜೆಯೊಳಗೆ ನೂರು ಕಡೆ ಅದೇ ಹೆಸರು. ನೂರು ಕಡೆ ಇದೆಯಲ್ಲ ಎಂದು ಹೊಸಬರು ವಾದಿಸುತ್ತಾರೆ. ಅಷ್ಟೂ ಒಂದೇ ಬಾಯಿಂದ ಬಂದದ್ದು ಎಂದು ನಾನು ಹೇಳಬೇಕಾಗುತ್ತಿತ್ತು. ನನ್ನ ಕೊನೆಯ ದೊಡ್ಡ ಕೆಲಸವೂ ಮೊಬೈಲಿನಿಂದಲೇ ಶುರುವಾಯಿತು.

ಆಗ ಯಜಮಾನರು ನಮ್ಮ ಸೀಮೆಯ ತತ್ವಪದಗಳ ಸಂಗ್ರಹವೊಂದನ್ನು ತರಲು ಹೊರಟಿದ್ದರು. ಭಜನೆ ತಂಡಗಳು ಹಾಡುವ ಪದಗಳು. ಅದರಲ್ಲಿ ಎಲ್ಲರಿಗೂ ಮೆಚ್ಚಿಗೆಯಾದ ಒಂದು ಪದ ಮಿಡಿಗೇಶಿಯ ತಂಡದವರು ಹಾಡುತ್ತಿದ್ದದ್ದು.

ಕನ್ನಡಿ ಬಿತ್ತ್ಯಾರೆ ಹೊಲದಾಗೆ ತಂಗಿ
ಬಿಸಿಲ ಕೊಯ್ದಾರೆ ಕುಡುಗೋಲಿಲ್ಲದಂಗೆ
ಜೀವಕ್ಕೆ ನೆರಳಿಲ್ಲ ಜಗಕೆಲ್ಲ ನೆರಳಿಲ್ಲ
ನೀನೆ ಮರವಾಗೊ ಬಂಡೆಪ್ಪ ಗುರುವೇ

ಬಂಡೆಪ್ಪಯ್ಯ ಎನ್ನುವವರು ಹಿಂದೆ ಐ.ಡಿ.ಹಳ್ಳಿ ಕಡೆ ಒಂದು ಬಂಡೆಯ ಮೇಲೆ ಕೂತಿದ್ದ ಅವಧೂತರು. ಯಾವ ಕಾಲದವರೋ ಯಾರಿಗೂ ತಿಳಿಯದು, ಅಜ್ಜನ ಅಜ್ಜ ನೋಡಿದ್ದನಂತೆ ಎನ್ನುತ್ತಾರೆ. ಪದದ ಕೊನೆಯಲ್ಲಿ ಅವರ ಅಂಕಿತ ಇತ್ತು. ಮುನ್ನುಡಿ ಬರೆದ ವಿದ್ವಾಂಸರು, ಹೊಲವೆಂದರೆ ದೇಹ, ಕನ್ನಡಿಯೆಂದರೆ ಆತ್ಮಜ್ಞಾನ ಎಂದು ನಾಲ್ಕು ಪುಟ ವಿವರಿಸಿದ್ದರು. ಯಜಮಾನರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, “ಇದ್ರಾಗೆ ನೋಡೋದೇನೈತಮ್ಮ? ಬಂಡೆಪ್ಪಯ್ಯಂದು. ಸಹಿ ಹಾಕು” ಎಂದರು. ನಾನು ಪೆನ್ನು ತೆಗೆದದ್ದೂ ನಿಜ. ಅಷ್ಟರಲ್ಲಿ ಮಿಡಿಗೇಶಿಯ ಹನುಮಂತರಾಯಪ್ಪ ಮೆಟ್ಟಿಲು ಹತ್ತಿ ಬಂದರು.

ಹನುಮಂತರಾಯಪ್ಪ ಮಿಡಿಗೇಶಿಯ ದರ್ಜಿ, ಅಲ್ಲಿನ ಭಜನೆ ತಂಡಕ್ಕೆ ಅವರೇ ಮುಂದಾಳು. ದೊಡ್ಡ ದನಿ, ಸಣ್ಣ ದೇಹ. ಅವತ್ತು ಆ ದನಿಯೂ ಸಣ್ಣದಾಗಿತ್ತು. ಫೋನು ಮುಂದೆ ಹಿಡಿದು, “ನೋಡಿ ಮೇಡಂ, ನಮ್ ಪದಾನ ತೆಗೆದಾಕ್ಬುಟ್ಟವ್ರೆ” ಎಂದರು. ಇವರ ತಂಡ ಹಾಡಿದ್ದ ವಿಡಿಯೊವನ್ನು ಯಾರೋ ಯೂಟ್ಯೂಬಿಗೆ ಹಾಕಿ, ಅದು ಊರೂರು ತಿರುಗಿತ್ತು. ಅದನ್ನು ನೋಡಿಯೇ ಜನ ಇವರನ್ನು ಭಜನೆಗೆ ಕರೆಯುತ್ತಿದ್ದರು. ಈಗ ಬೆಂಗಳೂರಿನ ಒಂದು ಹಾಡಿನ ಕಂಪನಿ ಅದೇ ಪದವನ್ನು ತಾನು ಹಾಡಿಸಿ, ಸಾಹಿತ್ಯವೂ ತಮ್ಮವರದೇ ಎಂದು ಹಾಕಿಕೊಂಡಿತ್ತು. ಇವರ ವಿಡಿಯೊ ಹೋಯಿತು. ಮೇಲಿಂದ, ಇನ್ನು ಮುಂದೆ ಎಲ್ಲೂ ಹಾಡಬಾರದು ಎಂದು ಒಂದು ನೋಟೀಸು ಬೇರೆ.

“ಗುಡಿ ಮುಂದೂ ಹಾಡಂಗಿಲ್ವಂತೆ ಮೇಡಂ. ಸತ್ತೋರ್ ಮನೇಲಿ ರಾತ್ರಿಯೆಲ್ಲ ಕುಂತು ಹೇಳ್ತಿದ್ದ ಪದ. ಇನ್ನೇನ್ ಹೇಳೋಣ?” ಎಂದರು. ನನಗೆ ಸಂಕಟವಾಯಿತು. ಆದರೂ ಸುಲಭದ ಕೆಲಸ ಎಂದುಕೊಂಡೆ. ಹಳೆಯ ಪದ, ಎಲ್ಲರದು, ನಿಮ್ಮದಲ್ಲ ಎಂದು ಕಂಪನಿಗೆ ಒಂದು ಕಾಗದ ಬರೆದರೆ ಮುಗಿಯಿತು. ಬರೆದೆ. ಅವರ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಹಳೆಯದೆಂದು ತೋರಿಸಿದರೆ ಪರಿಶೀಲಿಸುತ್ತೇವೆ, ತೋರಿಸದಿದ್ದರೆ ಹಕ್ಕು ನಮ್ಮದೆಂದೇ ತಿಳಿಯುತ್ತೇವೆ.

ತೋರಿಸಲು ಹೊರಟರೆ ಏನೂ ಸಿಗಲಿಲ್ಲ. ಬಂಡೆಪ್ಪಯ್ಯನವರ ಪದಗಳ ಹಳೆಯ ಮುದ್ರಣಗಳಲ್ಲಿ ಇದು ಇರಲಿಲ್ಲ. ಬಂಡೆಯ ಹತ್ತಿರದ ಮುದುಕರಿಗೆ ಬೇರೆ ಪದಗಳೆಲ್ಲ ಗೊತ್ತು, ಇದು ಗೊತ್ತಿಲ್ಲ. ನನಗೆ ಅನುಮಾನ ಹುಟ್ಟಿತು. ಮತ್ತೆ ಕೊರಟಗೆರೆಯ ನಾಟಕದಲ್ಲಿ ಕಲಿತ ದಾರಿಯನ್ನೇ ಹಿಡಿದೆ. ಹನುಮಂತರಾಯಪ್ಪನವರೇ, ನಿಮಗೆ ಕಲಿಸಿದವರು ಯಾರು? ಐ.ಡಿ.ಹಳ್ಳಿಯ ತಂಡದವರು. ಅವರಿಗೆ? ಆ ಊರಿಗೆ ಸೊಸೆಯಾಗಿ ಬಂದವಳೊಬ್ಬಳು ರಾಗಿ ಬೀಸುವಾಗ ಹೇಳುತ್ತಿದ್ದಳಂತೆ. ಆ ಸೊಸೆಯನ್ನು ಕಂಡೆ. ಅವಳು ನಗುತ್ತಾ, “ನಮ್ ತವರು ತಿರುಮಣಿ ಕಣಮ್ಮ. ನಮ್ ದೊಡ್ಡಮ್ಮ ಹೇಳ್ಕೊಟ್ಟಿದ್ದು” ಎಂದಳು.

ತಿರುಮಣಿಗೆ ನಾನೊಬ್ಬಳೇ ಹೋದೆ. ಪಾವಗಡ ದಾಟಿ ಬಸ್ಸು ತಿರುಗಿದ ಮೇಲೆ ಕಿಟಕಿಯಾಚೆ ಸೋಲಾರ್ ಹಲಗೆಗಳು ಶುರುವಾದವು. ಮುಗಿಯಲೇ ಇಲ್ಲ. ಕಣ್ಣು ಹಾಯುವಷ್ಟು ದೂರ ಹೊಲಗಳಲ್ಲಿ ಸಾಲು ಸಾಲಾಗಿ ಕನ್ನಡಿ, ಅವುಗಳ ಮೇಲೆ ಬಿಸಿಲು, ಎಲ್ಲೂ ಒಂದು ಮರವಿಲ್ಲ. ನನ್ನ ಬಾಯಲ್ಲಿ ತಾನಾಗಿಯೇ ಆ ಪದದ ಮೊದಲ ಸಾಲು ಬಂತು. ಎರಡನೆಯ ಸಾಲು ಬರುವಷ್ಟರಲ್ಲಿ ನಾನು ಸೀಟಿನಿಂದ ಅರ್ಧ ಎದ್ದಿದ್ದೆ. ಕಂಡಕ್ಟರು, “ಇನ್ನೂ ಸ್ಟಾಪು ಬಂದಿಲ್ಲಮ್ಮ, ಕೂತ್ಕಳಿ” ಎಂದ. ಬಂಡೆಪ್ಪಯ್ಯನವರ ಕಾಲದಲ್ಲಿ ಈ ಕನ್ನಡಿ ಎಲ್ಲಿತ್ತು? ಇದನ್ನು ಕಟ್ಟಿದವರು ಈ ಹಲಗೆಗಳನ್ನು ನೋಡಿಯೇ ಕಟ್ಟಿದ್ದಾರೆ, ಬಹುಶಃ ಇನ್ನೂ ಬದುಕಿದ್ದಾರೆ. ಹಾಗಿದ್ದರೆ ಹಕ್ಕು ಕಂಪನಿಯದೂ ಅಲ್ಲ, ಎಲ್ಲರದೂ ಅಲ್ಲ, ಆ ಒಬ್ಬರದು.

ಆ ಒಬ್ಬರು ಓಬುಳಮ್ಮ, ಆ ಸೊಸೆ ಹೇಳಿದ ದೊಡ್ಡಮ್ಮ. ಊರಿನ ಅಂಚಿನಲ್ಲಿ ಮನೆ, ಅಂಗಳದಲ್ಲಿ ಕಟ್ಟಿದ ನಾಲ್ಕಾರು ಮೇಕೆ. ಜೀವನವೆಲ್ಲ ಮೇಕೆ ಮೇಯಿಸಿದವರು. ಮೇಯಿಸುತ್ತಿದ್ದ ಬಯಲು ಹಲಗೆಯ ಬೇಲಿಯೊಳಗೆ ಸೇರಿದ ಮೇಲೆ ಮಂದೆ ಕರಗಿ ಅಷ್ಟು ಉಳಿದಿತ್ತು. “ರಾಮ್ಮಾ, ಕೂರ್ಚೋ” ಎಂದು ಮನೆಮಾತಾದ ತೆಲುಗಿನಲ್ಲೇ ಕರೆದು, ಕೂರಲು ಗೋಣಿ ಹಾಸಿದರು. ಪದದ ಮಾತೆತ್ತಿದ ತಕ್ಷಣ ಮುಖ ಅರಳಿತು. ನೀವೇ ಕಟ್ಟಿದ್ದಲ್ಲವೇ ಎಂದ ತಕ್ಷಣ ಮುದುಡಿತು.

“ನಾದಿ ಕಾದಮ್ಮಾ. ನಂದಲ್ಲ. ಗುರುಂದು. ಕೊನೇಲಿ ಅವರ ಹೆಸರೇ ಐತಲ್ಲ.”

ಬಿಡಿಸಿ ಕೇಳಿದಾಗ ನನಗೆ ವಿಷಯ ತಿಳಿಯಿತು. ಬಂಡೆಪ್ಪಯ್ಯನವರ ಗುರುಪರಂಪರೆಯಲ್ಲಿ ಉಪದೇಶ ಪಡೆದವರು ಪದ ಕಟ್ಟಿದರೆ ತಮ್ಮ ಹೆಸರು ಹಾಕುವುದಿಲ್ಲ, ಗುರುವಿನ ಅಂಕಿತ ಹಾಕುತ್ತಾರೆ. ಕಟ್ಟಿದವರು ಯಾರೆಂದು ಕೇಳುವುದೂ ಅಲ್ಲಿ ಮರ್ಯಾದೆಯಲ್ಲ. ಅಂಕಿತ ನೋಡಿ ಬರೆದವರನ್ನು ತೀರ್ಮಾನಿಸುವ ನಮ್ಮಂಥವರು ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೆವು. ನಾನು ಕಂಪನಿಯ ವಿಷಯ ಹೇಳಿದೆ. ನೀವು ಕಟ್ಟಿದ್ದೆಂದು ಒಂದು ಮಾತು ಬರೆದುಕೊಟ್ಟರೆ ಅವರ ಕೈ ಬಿಡಿಸಬಹುದು ಎಂದೆ.

ಓಬುಳಮ್ಮ ತಲೆ ಆಡಿಸಿದರು. “ನೈವೇದ್ಯಕ್ಕೆ ಎತ್ತಿಟ್ಟಿದ್ಕೆ ಬೆರಳಿಕ್ಕಿ ನೆಕ್ಕಿದಂಗೆ ಆಯ್ತದಮ್ಮ. ನನ್ ಕೈಲಿ ಆಗಾಕಿಲ್ಲ. ಗುರು ಒಪ್ಪಾಕಿಲ್ಲ.” ಎಷ್ಟು ಹೇಳಿದರೂ ಅಷ್ಟೇ. ಮಜ್ಜಿಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಅವರೇ ಎಬ್ಬಿಸಿ ಕಳಿಸಿದರು.

ಯಜಮಾನರಿಗೆ ಎಲ್ಲ ಹೇಳಿದೆ. ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು ಕೂತು, “ಹಂಗಾದ್ರೆ ನಾವೂ ಹಾಕಂಗಿಲ್ಲ” ಎಂದರು. ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೆ ನಿಜವಾಗಿ ಸಂತೋಷವಾಯಿತು. ಮುನ್ನುಡಿಯ ನಾಲ್ಕು ಪುಟ ತೆಗೆಯಬೇಕೆಂದು ವಿದ್ವಾಂಸರಿಗೆ ತಿಳಿಸುವ ಕೆಲಸ ಮಾತ್ರ ನನಗೇ ಬಿಟ್ಟರು. ಆದರೆ ಹನುಮಂತರಾಯಪ್ಪನವರಿಗೆ ಏನು ಹೇಳುವುದು? ಹಾಡು ಕಂಪನಿಯದಲ್ಲ ಎಂದು ನನಗೆ ಗೊತ್ತು. ಯಾರದೆಂದೂ ಗೊತ್ತು. ಆ ತಾಯಿ ಬಾಯಿ ಬಿಡದೆ ಒಂದೂ ನಡೆಯುವುದಿಲ್ಲ. ಕೆಲವು ದಿನ ನಾನು ಅದೇ ಯೋಚನೆಯಲ್ಲಿ ಊಟಕ್ಕೆ ಕೂತು ಎದ್ದೆ.

ಎರಡನೆಯ ಸಲ ಹನುಮಂತರಾಯಪ್ಪನವರನ್ನೂ ಕರೆದುಕೊಂಡು ಹೋದೆ. ನನ್ನ ಮಾತಿಗಿಂತ ಹಾಡುವವರ ಮಾತು ಕೇಳಿಯಾರು ಎಂದು ಆಸೆ. ಓಬುಳಮ್ಮ ಇವರನ್ನು ಕಂಡು ಹಿಗ್ಗಿಹೋದರು. ಪದ ಅಷ್ಟು ದೂರದ ಮಿಡಿಗೇಶಿಯವರೆಗೂ ಹೋಗಿದೆ ಎಂದು ಅವರಿಗೆ ನಂಬಿಕೆಯೇ ಬರಲಿಲ್ಲ.

“ಹಾಡಪ್ಪ, ಕೇಳಾನ. ನಿಮ್ ಕಡೆ ಹೆಂಗೇಳ್ತೀರಿ?” ಎಂದರು.

ಹನುಮಂತರಾಯಪ್ಪ ಹಾಡಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬಾಗಿಲಾಚೆ ನೋಡಿದರು. ಅಲ್ಲಿ ಇಬ್ಬರು ಹೆಂಗಸರು ನಿಂತಿದ್ದರು, ಒಬ್ಬಳ ಕೈಯಲ್ಲಿ ಫೋನಿತ್ತು. “ಬ್ಯಾಡಮ್ಮ. ಹಾಡಂಗಿಲ್ಲ ಅಂದವ್ರೆ. ಯಾರಾನ ಫೋನ್ನಾಗೆ ಹಿಡ್ಕಂಡು ಹಾಕ್ಬುಟ್ರೆ ನಮ್ ತಂಡದೋರ್ಗೆಲ್ಲ ತೊಂದ್ರೆ” ಎಂದರು.

“ನನ್ನ ಬಾಗ್ಲಲ್ಲೂ ಹಾಡಂಗಿಲ್ವಾ?”

“ಇಲ್ವಂತೆ ಕಣಮ್ಮ.”

ನಾನು ನೋಟೀಸಿನ ವಿಷಯ ಹೇಳಿದಾಗ ಓಬುಳಮ್ಮನಿಗೆ ಅದು ಎಲ್ಲಿಯದೋ ಬೆಂಗಳೂರಿನ ಮಾತಾಗಿತ್ತು. ಈಗ ಎದುರಿಗೇ ಒಬ್ಬ ಗಂಡಸು, ಹಾಡುವವನು, ಹೆದರಿಕೊಂಡು ಕೈ ಕಟ್ಟಿ ಕೂತಿದ್ದ. “ಬಂಡೆಪ್ಪಯ್ಯನ ಪದ ಹೇಳ್ಬ್ಯಾಡ ಅನ್ನಾಕೆ ಅವರ್ಯಾರಮ್ಮ?” ಎಂದು ನನ್ನ ಕಡೆ ತಿರುಗಿದರು. “ಬೇಲಿ ಹಾಕ್ದಂಗಲ್ವಾ ಇದು? ಹೊಲಕ್ಕೆ ಹಾಕಿದ್ರು, ಸರಿ. ಬಾಯಿಗೂ ಹಾಕ್ತಾರಾ?”

ಆಗ ನಾನು, ಇಷ್ಟು ದಿನ ಯೋಚಿಸಿ ಇಟ್ಟುಕೊಂಡಿದ್ದ ದಾರಿಯನ್ನು ಹೇಳಿದೆ. ಕಟ್ಟಿದವರು ತಮ್ಮ ಹಕ್ಕನ್ನು ಬಿಟ್ಟುಕೊಡಲು ಕಾನೂನಿನಲ್ಲಿ ಅವಕಾಶವಿದೆ. ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಒಂದು ಪ್ರಕಟಣೆ ಕೊಟ್ಟು, ಇನ್ನು ಈ ಪದದ ಮೇಲೆ ನನಗೆ ಹಕ್ಕಿಲ್ಲ, ಯಾರು ಬೇಕಾದರೂ ಹಾಡಬಹುದು ಎಂದರೆ ಸಾಕು. ಆಮೇಲೆ ಯಾವ ಕಂಪನಿಯೂ ಅದು ತನ್ನದೊಂದೇ ಎನ್ನುವಂತಿಲ್ಲ. ಆದರೆ ಬಿಡಬೇಕಾದರೆ ಅದು ಮೊದಲು ನಿಮ್ಮದಾಗಿರಬೇಕು. ಕಾಗದದಲ್ಲಿ ಒಂದು ಸಲ ‘ನನ್ನದು’ ಎನ್ನಲೇಬೇಕು.

ಅವರು ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಇಟ್ಟು ನಗತೊಡಗಿದರು. “ಬುಡಾಕೇ ಅಂತ ಒಂದ್ ಗಳಿಗೆ ಇಟ್ಕಬೇಕು ಅನ್ನು. ನಂಗೆ ಉಪದೇಶ ಕೊಟ್ಟ ಗುರುಗಳೂ ಇಂಗೇ ಏನೋ ಹೇಳೋರು, ನಂಗೆ ಆಗ ತಿಳೀತಿರ್ಲಿಲ್ಲ. ಬರಿಯಮ್ಮ, ಬರಿ.”

ಅಲ್ಲೇ ಕೂತು ಬರೆದೆ, ಎರಡೇ ವಾಕ್ಯ. ಓದಿ ಹೇಳುವ ಮೊದಲು ಓಬುಳಮ್ಮ ಎದ್ದು ಬಾಗಿಲು ಹಾಕಿ ಬಂದರು. ‘ಈ ಪದವನ್ನು ಕಟ್ಟಿದವಳು ನಾನು’ ಎಂದು ನಾನು ಓದುವಾಗ ನೆಲ ನೋಡುತ್ತಿದ್ದರು, ಮೆಲ್ಲಗೆ ಓದು ಎಂದು ಕೈಸನ್ನೆ ಮಾಡುತ್ತಿದ್ದರು. ಅದು ಮುಗಿದ ಕೂಡಲೇ ಎದ್ದು ಬಾಗಿಲು ಪೂರ್ತಿ ತೆಗೆದರು. “ಇನ್ನೊಂದೈತಲ್ಲ, ಅದ್ನ ಜೋರಾಗಿ ಓದು. ಹೊರಗಿನೋರ್ಗೂ ಕೇಳ್ಲಿ.” ನಾನು ಬೀದಿಗೆ ಕೇಳುವ ಹಾಗೆ ಓದಿದೆ. ಇನ್ನು ಮುಂದೆ ಇದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಯಾರು ಬೇಕಾದರೂ ಹಾಡಬಹುದು. ಬಾಗಿಲಲ್ಲಿದ್ದ ಹೆಂಗಸು, “ಏನಂತಮ್ಮ ಅದು?” ಎಂದಳು. “ಏನಿಲ್ಲ, ಪದ ಇವತ್ತಿಂದ ನಿಂದೂನೂ ಕಣೆ” ಎಂದು ಓಬುಳಮ್ಮ ಸಹಿ ಹಾಕಿದರು.

ಪ್ರಕಟಣೆ ಪತ್ರಿಕೆಯಲ್ಲಿ ಬಂತು. ಅದರ ಪ್ರತಿಯನ್ನೂ, ಪದ ಯಾರಿಂದ ಯಾರಿಗೆ ಬಂತು ಎಂದು ಹಾಡುಗಾರರು ಹೇಳಿ ಸಹಿ ಹಾಕಿದ ಮಾತನ್ನೂ ಕಂಪನಿಗೆ ಕಳಿಸಿದೆವು. ಕಂಪನಿಯವರು ಸಾಹಿತ್ಯದ ಜಾಗದಲ್ಲಿದ್ದ ತಮ್ಮವರ ಹೆಸರನ್ನು ಸದ್ದಿಲ್ಲದೆ ತೆಗೆದರು. ಮಿಡಿಗೇಶಿಯವರ ವಿಡಿಯೊ ಮತ್ತೆ ಬಂತು. ಕ್ಷಮಿಸಿ ಎಂದು ಯಾರೂ ಬರೆಯಲಿಲ್ಲ, ನಾವೂ ಕೇಳಲಿಲ್ಲ. ಈ ಕೆಲಸದಲ್ಲಿ ಗೆದ್ದರೂ ತಮಟೆ ಬಾರಿಸುವವರು ಇರುವುದಿಲ್ಲ, ಹೊಸಬರು ಅದಕ್ಕೆ ಬೇಸರ ಮಾಡಿಕೊಳ್ಳಬಾರದು.

ನಾನು ನಿವೃತ್ತಿಯಾಗುವ ಮುಂಚೆ ಒಂದು ಮಧ್ಯಾಹ್ನ ಹನುಮಂತರಾಯಪ್ಪ ತಮ್ಮ ಇಡೀ ತಂಡವನ್ನು ಟೆಂಪೊದಲ್ಲಿ ತುಂಬಿಕೊಂಡು ತಿರುಮಣಿಗೆ ಹೊರಟರು, ನನ್ನನ್ನೂ ಹತ್ತಿಸಿಕೊಂಡರು. ಓಬುಳಮ್ಮನ ಅಂಗಳದಲ್ಲಿ ಚಾಪೆ ಹಾಸಿ, ತಾಳ ದಮ್ಮಡಿ ಇಟ್ಟುಕೊಂಡು ಕೂತರು. ಬೀದಿಯವರೆಲ್ಲ ಸೇರಿದರು. ಓಬುಳಮ್ಮ ಯಾರಿಗೂ ಕಾಣದ ಹಾಗೆ ಮೇಕೆಗಳ ಹಿಂದೆ, ಗೋಡೆಗೆ ಒರಗಿ ಕೂತರು. ಹನುಮಂತರಾಯಪ್ಪ ಹಳೆಯ ದೊಡ್ಡ ದನಿಯಲ್ಲಿ ಎತ್ತಿದರು. ಕನ್ನಡಿ ಬಿತ್ತಿದ್ದಾಯಿತು, ಬಿಸಿಲು ಕೊಯ್ದದ್ದಾಯಿತು. ತಂಡದವರೆಲ್ಲ ಕಣ್ಣು ಮುಚ್ಚಿಕೊಂಡು ‘ಜೀವಕ್ಕೆ ನೆರಳಿಲ್ಲ, ಜಗಕೆಲ್ಲ ನೆರಳಿಲ್ಲ’ ಎಂದು ಹಿಡಿದರು.

“ಏಯ್, ನಿಲ್ಸು! ನಿಲ್ಸ್ಲಾ!”

ತಾಳ ನಿಂತಿತು. ಓಬುಳಮ್ಮ ಎದ್ದು ನಿಂತಿದ್ದರು, ಮುಖ ಕೆಂಪಾಗಿತ್ತು. “ಜೀವ ಎಲ್ಲಿಂದ ಬಂತ್ಲಾ? ಜಗ ಎಲ್ಲಿಂದ ಬಂತು? ಮೇಕೆಗೆ ನೆರಳಿಲ್ಲ, ಮೇಯ್ಸೋಳ್ಗೂ ನೆರಳಿಲ್ಲ! ನಾನು ಕಟ್ಟಿದ್ದು ಅಂಗಲ್ಲ!”

ಹನುಮಂತರಾಯಪ್ಪ ತಬ್ಬಿಬ್ಬಾಗಿ, “ಮೇಕೆ ಅಂದ್ರೆ ತತ್ವ ಬರಾಕಿಲ್ಲ ಅಂತ ನಾವೇ ಒಸಿ ಬದಲಾಯ್ಸ್ಕಂಡ್ವಿ ಕಣಮ್ಮ” ಎಂದರು.

ಬೀದಿಯೆಲ್ಲ ನಗುತ್ತಿತ್ತು. ತಾನು ಆಡಿದ ಮಾತು ಏನೆಂದು ಓಬುಳಮ್ಮನಿಗೆ ಆಗ ಹೊಳೆಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದರು, ಬರೆದುಕೊಟ್ಟ ಮಾತಿಗೆ ತಪ್ಪಿದೆನೇನೋ ಎನ್ನುವ ಗಾಬರಿ ಕಣ್ಣಲ್ಲಿತ್ತು. ನನಗೆ ಕೊರಟಗೆರೆಯ ಸಿದ್ದಲಿಂಗಪ್ಪ ನೆನಪಾದರು. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ನಿಂತು, “ಹೆದರಬೇಡಿ. ಎಲ್ಲ ಬಿಟ್ಟರೂ ಅದೊಂದು ಹಕ್ಕು ಹೋಗಲ್ಲ. ಕೆಡಿಸಬೇಡಿ ಅಂತ ನೀವು ಹೇಳಬಹುದು” ಎಂದೆ.

“ನಿಜವಾಗ್ಲೂ?”

“ನಿಜವಾಗ್ಲೂ.”

ಅವರು ಸೆರಗು ಇಳಿಸಿದರು. ಮೇಕೆಗಳ ಹಿಂದಿನ ಗೋಡೆ ಬಿಟ್ಟು ಮುಂದಕ್ಕೆ, ಎಲ್ಲರಿಗೂ ಕಾಣುವ ಹಾಗೆ ಬಂದು ಚಾಪೆಯ ಮೇಲೆ ಕೂತರು. ಒಂದು ಮೇಕೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಹನುಮಂತರಾಯಪ್ಪನಿಗೆ ಹೇಳಿದರು:

“ಮೇಕೆ ಕಣ್ಲಾ, ಮೇಕೆ. ಊಂ, ಈಗ ಹೇಳು.”